ನಲವತ್ತು ದಾಟಿದ ಮೇಲೆ ಎಚ್‌ಆರ್ ಕಡೆಗೆ: ಫ್ಯಾಕ್ಟರಿಯಿಂದ ಬರುವವರು ಎಲ್ಲಿಂದ ಶುರು ಮಾಡಬೇಕು?

ಎರಡನೇ ಪಾಳಿ
ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಡಿಪ್ಲೊಮಾ, ವಯಸ್ಸು 43, ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಪ್ರೊಡಕ್ಷನ್ ಸೂಪರ್‌ವೈಸರ್. ಪಾಳಿಗೆ ಸುಮಾರು 60 ಜನ, ಅದರಲ್ಲಿ ಅರ್ಧ ಕಂಟ್ರಾಕ್ಟ್ ಕಾರ್ಮಿಕರು. ಎಚ್‌ಆರ್ ಕಡೆ ಹೋಗಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೇನೆ. ಎಂಬಿಎ ಮಾಡಲೇಬೇಕಾ? ಈ ವಯಸ್ಸಿನವರನ್ನು ಯಾವ ಕೆಲಸಕ್ಕೆ ತಗೋತಾರೆ? ಮೊದಲು ಏನು ಕಲಿಯಬೇಕು? "ನೀವು ಜನರ ಜೊತೆ ಚೆನ್ನಾಗಿ ಬೆರೀತೀರಿ, ಎಚ್‌ಆರ್ ನಿಮಗೆ ಒಪ್ಪುತ್ತೆ" ಅಂತ ಹೇಳೋರು ಬಹಳ ಜನ ಇದ್ದಾರೆ. ಅದಕ್ಕಿಂತ ಮುಂದಿನ ಮಾತು ತಿಳಿದವರು ದಯವಿಟ್ಟು ಹೇಳಿ.

ಸಂಬಳಪಟ್ಟಿ
ಸರ್, ಜನರ ಜೊತೆ ಬೆರೆಯೋದು ಒಳ್ಳೆಯದೇ. ಆದರೆ ಆ ಗುಣ ನೋಡಿ ಯಾರೂ ಕೆಲಸ ಕೊಡಲ್ಲ. 40 ದಾಟಿದವರಿಗೆ ನಿಜವಾಗಿ ತೆರೆದಿರುವ ಬಾಗಿಲು ಎರಡೇ. ಒಂದು ಪೇರೋಲ್ (ಸಂಬಳ ಲೆಕ್ಕ) ಮತ್ತು ಕಾನೂನು ಪಾಲನೆ, ಇನ್ನೊಂದು ಪ್ಲಾಂಟ್ ಎಚ್‌ಆರ್, ಅಂದರೆ ಕಾರ್ಖಾನೆಯೊಳಗಿನ ಎಚ್‌ಆರ್ ಕೆಲಸ. ಐಟಿ ಕಂಪನಿಗಳ ನೇಮಕಾತಿ ವಿಭಾಗದಲ್ಲಿ 23 ವರ್ಷದವರ ಜೊತೆ ಪೈಪೋಟಿ. ಅಲ್ಲಿ ನಿಮ್ಮ ಅನುಭವಕ್ಕೆ ಬೆಲೆ ಕಟ್ಟೋರು ಕಡಿಮೆ. ಅದೇ 150 ರಿಂದ 400 ಜನ ಇರುವ ಎಂಜಿನಿಯರಿಂಗ್ ಘಟಕಕ್ಕೆ ಹೋದರೆ ಲೈನ್ ಹೇಗೆ ಓಡುತ್ತೆ, ಓಟಿ (ಓವರ್‌ಟೈಮ್) ಯಾಕೆ ಬೀಳುತ್ತೆ, ಯಾವ ಪಾಳಿಯಲ್ಲಿ ಗೈರುಹಾಜರಿ ಹೆಚ್ಚು ಅನ್ನೋದು ಗೊತ್ತಿರೋರೇ ಅವರಿಗೆ ಬೇಕು.

ಮೊದಲು ಸಂಬಳ ಲೆಕ್ಕವನ್ನು ಕೈಯಾರೆ ಮಾಡೋದು ಕಲಿಯಿರಿ. ಸಾಫ್ಟ್‌ವೇರ್ ಮುಟ್ಟಬೇಡಿ, ಬರೀ ಎಕ್ಸೆಲ್ ಸಾಕು.

ಒಬ್ಬ ಕೆಲಸಗಾರನ ಮೂಲವೇತನ ಮತ್ತು ಡಿಎ ಸೇರಿ 14,000, ವಿಶೇಷ ಭತ್ಯೆ 4,000, ಒಟ್ಟು 18,000 ಅಂದುಕೊಳ್ಳಿ. ಈಗಾಗಲೇ ಪಿಎಫ್ ಮತ್ತು ಪಿಂಚಣಿ ಯೋಜನೆ ಎರಡರಲ್ಲೂ ಸದಸ್ಯ. ವಿಶೇಷ ಭತ್ಯೆಯೂ ಪಿಎಫ್ ವೇತನಕ್ಕೆ ಸೇರುತ್ತೆ, ಆದರೆ ಪಿಎಫ್ ಲೆಕ್ಕಕ್ಕೆ ವೇತನದ ಮಿತಿ 15,000, ಅದರ ಶೇ 12 ಅಂದರೆ 1,800 ಅವನ ಸಂಬಳದಿಂದ ಕಡಿತ. ಇಎಸ್‌ಐ (ಆಸ್ಪತ್ರೆ ಸೌಲಭ್ಯ ಕೊಡೋ ನೌಕರರ ವಿಮೆ) ಶೇ 0.75, ಅಂದರೆ 135. ವೃತ್ತಿ ತೆರಿಗೆ ಕರ್ನಾಟಕದಲ್ಲಿ 25,000 ಮತ್ತು ಮೇಲಿನ ಸಂಬಳಕ್ಕೆ ಮಾತ್ರ, ಹಾಗಾಗಿ ಇಲ್ಲಿ ಇಲ್ಲ. ಕೈಗೆ ಬರೋದು 16,065.

ಈಗ ಮಾಲೀಕರ ಪಾಲು. ಪಿಂಚಣಿಗೆ 15,000ದ ಶೇ 8.33, ದುಂಡು ಮಾಡಿದರೆ 1,250. ಉಳಿದ 550 ಪಿಎಫ್‌ಗೆ. ವಿಮೆ ಶೇ 0.5 ಅಂದರೆ 75, ಆಡಳಿತ ಶುಲ್ಕ ಇನ್ನೊಂದು 75. ಇಎಸ್‌ಐ ಶೇ 3.25 ಅಂದರೆ 585. 18,000 ಸಂಬಳದ ಆಳಿಗೆ ಕಂಪನಿಗೆ ಬೀಳೋ ಖರ್ಚು 20,535. ಈ ಅಂಕಿಗಳನ್ನು ಕಾಗದದ ಮೇಲೆ ಪೆನ್ನಿನಲ್ಲಿ ಬರೆದು ತೋರಿಸಬಲ್ಲವರು ಇಂಟರ್‌ವ್ಯೂಗೆ ಬರೋರಲ್ಲಿ ಕಡಿಮೆ.

ಇದರಲ್ಲಿ ಎಡವೋ ಜಾಗ ಮೂರು.

ಮೊದಲನೆಯದು ಸಂಬಳ ರಹಿತ ರಜೆ. 30 ದಿನದ ತಿಂಗಳಲ್ಲಿ 3 ದಿನ ಕಡಿತವಾದರೆ ಗಳಿಕೆ 16,200. ಹೊಸಬರು 15,000ದ ಮಿತಿಯನ್ನೂ 27 ದಿನಕ್ಕೆ ಇಳಿಸಿ 13,500 ಮಾಡಿ ಅದರ ಮೇಲೆ ಪಿಎಫ್ ಹಾಕ್ತಾರೆ. ತಪ್ಪು. ಗಳಿಕೆ ಇನ್ನೂ 15,000ಕ್ಕಿಂತ ಮೇಲಿದೆ, ಪಿಎಫ್ 1,800 ಆಗೇ ಇರುತ್ತೆ. ಇಎಸ್‌ಐ 121.50 ಬರುತ್ತೆ, ಅದನ್ನು ಮೇಲಿನ ರೂಪಾಯಿಗೆ ಏರಿಸಿ 122. ಕೈಗೆ 14,278. ಅದೇ 6 ದಿನ ಹೋದರೆ ಗಳಿಕೆ 14,400, ಆಗ ಮಾತ್ರ ಪಿಎಫ್ 1,728ಕ್ಕೆ ಇಳಿಯುತ್ತೆ.

ಎರಡನೆಯದು ಇಎಸ್‌ಐ ಮಿತಿ 21,000. ಜುಲೈನಲ್ಲಿ ಇನ್‌ಕ್ರಿಮೆಂಟ್ ಆಗಿ 20,500 ಇದ್ದದ್ದು 22,000 ಆಯ್ತು ಅಂತ ಆ ತಿಂಗಳೇ ಕಡಿತ ನಿಲ್ಲಿಸೋ ಹಾಗಿಲ್ಲ. ವಂತಿಗೆ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಸೆಪ್ಟೆಂಬರ್ ಮುಗಿಯೋವರೆಗೂ 22,000ದ ಮೇಲೆಯೇ ಕಟ್ಟಬೇಕು, 165 ಅವನಿಂದ, 715 ಕಂಪನಿಯಿಂದ. ನಿಲ್ಲಿಸಿಬಿಟ್ಟರೆ ಆಸ್ಪತ್ರೆಯ ಕೌಂಟರಿನಲ್ಲಿ ಅವನ ಹೆಂಡತಿ ಮಕ್ಕಳಿಗೆ ತೊಂದರೆ ಆಗುತ್ತೆ.

ಮೂರನೆಯದು ಪಿಂಚಣಿ. 1 ಸೆಪ್ಟೆಂಬರ್ 2014ರ ನಂತರ ಮೊದಲ ಬಾರಿಗೆ ಪಿಎಫ್‌ಗೆ ಸೇರಿ, ಸೇರುವಾಗಲೇ ಪಿಎಫ್ ವೇತನ 15,000 ಮೀರಿದ್ದರೆ ಅವರು ಪಿಂಚಣಿ ಯೋಜನೆಗೆ ಬರಲ್ಲ. ಮಾಲೀಕರ ಪೂರ್ತಿ ಶೇ 12 ಪಿಎಫ್ ಖಾತೆಗೇ ಹೋಗಬೇಕು. ಸೇರುವಾಗ ಫಾರಂ 11 (ಹಿಂದಿನ ಪಿಎಫ್, ಪಿಂಚಣಿ ಸದಸ್ಯತ್ವದ ಘೋಷಣೆ) ಸರಿಯಾಗಿ ತುಂಬಿಸಿಕೊಳ್ಳದೆ ಕಣ್ಣುಮುಚ್ಚಿ 1,250 ಪಿಂಚಣಿಗೆ ಹಾಕಿದರೆ, ಎಷ್ಟೋ ವರ್ಷ ಬಿಟ್ಟು ಅವರು ಹಣ ತೆಗೆಯಲು ಹೋದಾಗ ಕ್ಲೇಮ್ ತಿರಸ್ಕೃತವಾಗುತ್ತೆ.

ಹೂಟಗಳ್ಳಿ
ಮೇಡಂ ಹೇಳಿದ್ದಕ್ಕೆ ತಾರೀಖುಗಳನ್ನು ಸೇರಿಸ್ತೀನಿ. ಸಂಬಳ ಮುಂದಿನ ತಿಂಗಳ 7ರೊಳಗೆ. ಸಂಬಳದ ಟಿಡಿಎಸ್ (ಸಂಬಳದಿಂದಲೇ ಕಡಿದ ಆದಾಯ ತೆರಿಗೆ) ಕಟ್ಟೋದೂ 7ಕ್ಕೆ. ಪಿಎಫ್ ಇಸಿಆರ್ (ಯಾರ ಹೆಸರಿಗೆ ಎಷ್ಟು ಅಂತ ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿ ಹಾಕೋ ಪಟ್ಟಿ) ಮತ್ತು ಇಎಸ್‌ಐ 15ಕ್ಕೆ. ವೃತ್ತಿ ತೆರಿಗೆ 20ಕ್ಕೆ: ತಿಂಗಳಿಗೆ 200, 2025ರ ತಿದ್ದುಪಡಿಯ ನಂತರ ಫೆಬ್ರವರಿಯಲ್ಲಿ ಮಾತ್ರ 300. ಕಾರ್ಮಿಕ ಕಲ್ಯಾಣ ನಿಧಿ ವರ್ಷಕ್ಕೊಮ್ಮೆ, ಜನವರಿ 15ರೊಳಗೆ. ಪಿಎಫ್ ಒಂದು ದಿನ ತಡವಾದರೂ ವರ್ಷಕ್ಕೆ ಶೇ 12ರ ದರದಲ್ಲಿ ಬಡ್ಡಿ, ಮೇಲೆ ದಂಡ.

ಎಂಬಿಎ ಬಗ್ಗೆ: ನಿಮ್ಮದು ಡಿಪ್ಲೊಮಾ, ಪದವಿ ಅಲ್ಲ. ಇಗ್ನೋದ ಮಾನವ ಸಂಪನ್ಮೂಲ ಪಿಜಿ ಡಿಪ್ಲೊಮಾಗೂ ಯಾವುದಾದರೂ ಒಂದು ಪದವಿ ಬೇಕೇ ಬೇಕು. ಹಾಗಾಗಿ ಮೊದಲ ಕೆಲಸ ಪದವಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎ ಅಥವಾ ಬಿಕಾಂ, ಕನ್ನಡ ಮಾಧ್ಯಮದಲ್ಲೂ ಆಗುತ್ತೆ. ಬಿಕಾಂ ಆದರೆ ಲೆಕ್ಕದ ಕಡೆ ಅನುಕೂಲ. ಕೆಲಸ ಬದಲಿಸೋಕೆ ಪದವಿ ಮುಗಿಯೋವರೆಗೆ ಕಾಯಬೇಕಿಲ್ಲ. ಎರಡೂ ಒಟ್ಟಿಗೆ ನಡೀಲಿ.

ಎರಡನೇ ಪಾಳಿ
ವೆಲ್‌ಫೇರ್ ಆಫೀಸರ್ ಹುದ್ದೆಗೆ ಪ್ರಯತ್ನಿಸಬಹುದಾ? ಶಾಪ್ ಫ್ಲೋರ್ ಅನುಭವ ಇದೆಯಲ್ಲ.

ಹೂಟಗಳ್ಳಿ
ಅದು ಕಾನೂನಿನ ಪ್ರಕಾರ ಇರಲೇಬೇಕಾದ ಹುದ್ದೆ, ವಿದ್ಯಾರ್ಹತೆಯನ್ನು ಸರ್ಕಾರದ ನಿಯಮವೇ ಹೇಳುತ್ತೆ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಥರದ ಓದು ಮತ್ತು ಕನ್ನಡ ಜ್ಞಾನ ಬೇಕು. ಬರೀ ಅನುಭವದ ಮೇಲೆ ಕೂರಿಸಿದರೆ ತಪಾಸಣೆಯಲ್ಲಿ ಕಂಪನಿ ಸಿಕ್ಕಿಬೀಳುತ್ತೆ. ಕಾರ್ಖಾನೆ ಕಾಯ್ದೆಯಲ್ಲಿ 500 ಕಾರ್ಮಿಕರಿದ್ದರೆ ಕಡ್ಡಾಯ ಅಂತ ಇತ್ತು, ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಅದು 250ಕ್ಕೆ ಇಳಿದಿದೆ. ಬೇಡಿಕೆ ಹೆಚ್ಚೋದು ಖಂಡಿತ. ಬಿಎ ಆದ ಮೇಲೆ ಎಂಎಸ್‌ಡಬ್ಲ್ಯು ಮಾಡೋ ಮನಸ್ಸಿದ್ದರೆ ದೂರದ ಗುರಿಯಾಗಿ ಇಟ್ಟುಕೊಳ್ಳಿ.

ತಾರಿಹಾಳ
ಹೊಸ ಸಂಹಿತೆಗಳ ಮಾತು ಬಂತಲ್ಲ, ನಲವತ್ತರ ಮೇಲೆ ಬರೋರಿಗೆ ಇದಕ್ಕಿಂತ ಒಳ್ಳೆ ಕಾಲ ಇಲ್ರೀ. 21 ನವೆಂಬರ್ 2025ಕ್ಕೆ ನಾಲ್ಕೂ ಕಾರ್ಮಿಕ ಸಂಹಿತೆ ಜಾರಿಗೆ ಬಂದು 29 ಹಳೇ ಕಾಯ್ದೆಗಳ ಜಾಗಾ ಹಿಡದಾವ. ಇಪ್ಪತ್ತು ವರ್ಷದ ಅನುಭವ ಇರೋ ಎಚ್‌ಆರ್ ಮ್ಯಾನೇಜರೂ ಈಗ ಕುಂತು ಹೊಸದಾಗಿ ಓದಾಕತ್ತಾರ. ನೀವೂ ಅದೇ ಸಾಲಿನ್ಯಾಗ ನಿಂತು ಓದ್ರಿ.

ಮೊದಲು ಓದಬೇಕಾದ್ದು 'ವೇತನ'ದ ವ್ಯಾಖ್ಯೆ. ಒಟ್ಟು 30,000 ಸಂಬಳದಾಗ ಮೂಲವೇತನ 10,000, ಮನೆ ಬಾಡಿಗೆ ಭತ್ಯೆ 12,000, ಪ್ರಯಾಣ ಭತ್ಯೆ 8,000 ಅಂತ ಒಡದಿರ್ತಾರ. ವೇತನದಿಂದ ಹೊರಗಿಡೋ ಭತ್ಯೆ ಒಟ್ಟಿನ ಅರ್ಧ, ಅಂದ್ರ 15,000 ದಾಟಂಗಿಲ್ಲ. ಇಲ್ಲಿ 20,000 ಐತಿ. ಹೆಚ್ಚಾದ 5,000 ತಿರುಗಿ ವೇತನಕ್ಕ ಸೇರತೈತಿ, ವೇತನ 15,000 ಆಗತೈತಿ. ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವಾ ವರ್ಷ ನೋಡಿ ಕೊಡೋ ಹಣ) ಮ್ಯಾಲೆ ಇದರ ಪೆಟ್ಟು ನೋಡ್ರಿ: ಕಡೇ ವೇತನ ಗುಣಿಸು 15, ಭಾಗಿಸು 26, ಗುಣಿಸು ಸೇವಾ ವರ್ಷ. ಹತ್ತು ವರ್ಷಕ್ಕ ಮೊದಲು 57,692 ಬರ್ತಿದ್ದದ್ದು ಈಗ 86,538. ಈ ಲೆಕ್ಕ ಹಾಕಿ ಇಡೀ ಕಂಪನಿಗೆ ಎಷ್ಟು ಹೊರೆ ಬೀಳತೈತಿ ಅಂತ ಒಂದು ಹಾಳ್ಯಾಗ ತೋರಿಸೋರು ಸಣ್ಣ ಮಾಲೀಕರಿಗೆ ಬೇಕಾಗ್ಯಾರ.

ಇನ್ನೆರಡು ನೆನಪಿಡ್ರಿ. ಕೆಲಸ ಬಿಟ್ಟವರ, ತೆಗೆದವರ ಬಾಕಿ ವೇತನ ಎರಡು ಕೆಲಸದ ದಿನದೊಳಗ ಕೊಡಬೇಕು. "ಮುಂದಿನ ತಿಂಗಳ ಸಂಬಳದ ಜೋಡಿ ಸೆಟ್ಲ್‌ಮೆಂಟ್" ಅನ್ನೋ ಹಳೇ ರೂಢಿ ನಡೆಯಂಗಿಲ್ಲ. ಆಮೇಲೆ ನಿಗದಿತ ಅವಧಿಗೆ ತಗೊಂಡ ನೌಕರರಿಗೆ ಗ್ರಾಚ್ಯುಟಿಗೆ ಐದು ವರ್ಷ ಬೇಕಿಲ್ಲ, ಒಂದು ವರ್ಷ ಸಾಕು.

ಕೆಂಗೇರಿ ಕಡೆಯವಳು
ಪ್ಲಾಂಟ್ ಎಚ್‌ಆರ್ ಅಂದರೆ ಶಿಸ್ತು ಕ್ರಮವೂ ಬರುತ್ತಲ್ಲ? ನಿನ್ನೆವರೆಗೆ ಸೂಪರ್‌ವೈಸರ್ ಆಗಿದ್ದವರು ಅದನ್ನು ನಡೆಸೋಕೆ ಆಗುತ್ತಾ?

ತಾರಿಹಾಳ
ಆಗತೈತಿ ಮೇಡಂ, ಆದರ ಕೈ ಬದಲಿಸಬೇಕು. ಸೂಪರ್‌ವೈಸರ್ ಕಣ್ಣಿಗೆ ತಪ್ಪು ಕಂಡರ ಅದು ತಪ್ಪೇ. ಎಚ್‌ಆರ್‌ನವರಿಗೆ ಅದು ಸಾಬೀತಾಗೋವರೆಗೂ ಆರೋಪ ಅಷ್ಟೇ. ಲೇಬರ್ ಕೋರ್ಟಿನ್ಯಾಗ ಕಂಪನಿ ಸೋಲೋದು ಹೆಚ್ಚಾಗಿ ಘಟನೆ ನಡೆದಿಲ್ಲ ಅಂತಲ್ಲ, ವಿಚಾರಣೆ ನ್ಯಾಯವಾಗಿ ನಡೆದಿಲ್ಲ ಅಂತ.

ದೋಷಾರೋಪಣಾ ಪತ್ರದಿಂದಲೇ ಕೆಡಾಕ ಶುರು. "ನೀವು ಮೇಲಧಿಕಾರಿಯೊಂದಿಗೆ ಅಸಭ್ಯವಾಗಿ ವರ್ತಿಸಿದ್ದೀರಿ" ಅಂತ ಬರೆದರ ಅದಕ್ಕ ಉತ್ತರ ಕೊಡೋದು ಹೆಂಗ? ಹಿಂಗ ಬರೀಬೇಕು: "14ನೇ ತಾರೀಖು ಎರಡನೇ ಪಾಳಿಯಲ್ಲಿ ಸಂಜೆ ಸುಮಾರು 6.20ಕ್ಕೆ, ಸಿಎನ್‌ಸಿ ಲೈನ್ 3ರ ಬಳಿ, ಕೆಲಸ ಹಂಚುತ್ತಿದ್ದ ಸೂಪರ್‌ವೈಸರ್ ಕೊಟ್ಟ ಜಾಬ್ ಕಾರ್ಡನ್ನು ನೆಲಕ್ಕೆ ಎಸೆದು, ಇಂಥ ಮಾತಿನಿಂದ ಬೈದಿದ್ದೀರಿ." ಬೈದ ಮಾತು ಕೇಳಿದ ಹಾಗೇ ಬರೀಬೇಕು, ಸಂಕೋಚ ಬ್ಯಾಡ. ಅದರ ಕೆಳಗ ಸ್ಥಾಯಿ ಆದೇಶದ (ಕಂಪನಿಯ ಸೇವಾ ನಿಯಮಗಳು) ಯಾವ ಕಲಮಿನಡಿ ಅದು ದುರ್ನಡತೆ ಅಂತ ಹಾಕಬೇಕು. ಪತ್ರ ಕನ್ನಡದಾಗ ಇರಬೇಕು. ಆಳು ಬಿಹಾರ, ಒಡಿಶಾ ಕಡೆಯವ ಆದರ ಅವನಿಗೆ ತಿಳಿಯೋ ಭಾಷೆಯೊಳಗ ಓದಿ ಹೇಳಿ, ಹೇಳಿದವರ ಸಹಿ ಸಮೇತ ಟಿಪ್ಪಣಿ ಇಡಬೇಕು.

ವಿಚಾರಣಾಧಿಕಾರಿ ಘಟನೆಗೆ ಸಂಬಂಧ ಇಲ್ಲದವರಾಗಬೇಕು. ಸಾಕ್ಷಿಯನ್ನೇ ವಿಚಾರಣಾಧಿಕಾರಿ ಮಾಡಿದರ ಅಲ್ಲಿಗೆ ಮುಗೀತು. ಆರೋಪಿಗೆ ಜೊತೆಗಾರನ ಸಹಾಯ ತಗೊಳ್ಳಾಕ, ಕಂಪನಿ ಸಾಕ್ಷಿಗಳಿಗೆ ಪಾಟೀಸವಾಲು ಹಾಕಾಕ ಅವಕಾಶ ಕೊಡಬೇಕು. ದಿನದ ನಡಾವಳಿಯ ಪ್ರತಿ ಪುಟಕ್ಕೂ ಎಲ್ಲರ ಸಹಿ. ಅವ ಬರಲಿಲ್ಲ ಅಂದರ ರಿಜಿಸ್ಟರ್ಡ್ ಪೋಸ್ಟಿನ್ಯಾಗ ಮುಂದಿನ ತಾರೀಖು ಕಳಸ್ರಿ, ಹಿಂದಕ್ಕ ಬಂದ ಕವರ್ ಒಡೀದೇ ಫೈಲಿನ್ಯಾಗ ಇಡ್ರಿ. ಅಮಾನತಿನ್ಯಾಗ ಇಟ್ಟರ ಮೊದಲ 90 ದಿನ ವೇತನದ ಅರ್ಧ, ಆಮೇಲೆ ಶೇ 75 ಜೀವನಾಧಾರ ಭತ್ಯೆ. ಇದನ್ನ ಕೊಡದೇ ನಡೆಸಿದ ವಿಚಾರಣೆ ನಿಲ್ಲೋದು ಕಷ್ಟ.

ಎರಡನೇ ಪಾಳಿಯವರಿಗೆ ಒಂದು ಮಾತು: ನೀವು ಈಗಿರೋ ಕಂಪನಿಯೊಳಗೇ ಎಚ್‌ಆರ್‌ಗೆ ಹೋದರ, ನಿಮ್ಮ ಹಳೇ ಪಾಳಿಯವರ ಯಾವ ವಿಚಾರಣೆಗೂ ಕೂಡಬ್ಯಾಡ್ರಿ.

ಸಂಬಳಪಟ್ಟಿ
ತಾರಿಹಾಳ ಸರ್ ಬರೆದದ್ದನ್ನು ಎಲ್ಲರೂ ಎತ್ತಿಟ್ಟುಕೊಳ್ಳಿ.

ನಾನು ಕಂಟ್ರಾಕ್ಟ್ ಕಡೆ ಹೇಳ್ತೀನಿ, ಯಾಕಂದರೆ ಎರಡನೇ ಪಾಳಿಯವರಿಗೆ ತಕ್ಷಣ ಉಪಯೋಗಕ್ಕೆ ಬರೋದು ಅದೇ. ಕಂಟ್ರಾಕ್ಟರ್ ಪಿಎಫ್, ಇಎಸ್‌ಐ ಕಟ್ಟದಿದ್ದರೆ ಹೊಣೆ ಮುಖ್ಯ ಮಾಲೀಕರ ತಲೆಗೆ ಬರುತ್ತೆ. ಆದರೂ ಬಹಳ ಕಡೆ ಬಿಲ್ ಜೊತೆ ಲಗತ್ತಿಸಿದ ಇಸಿಆರ್ ಪ್ರತಿಯನ್ನು ಯಾರೂ ಬಿಡಿಸಿ ನೋಡಲ್ಲ. ಒಂದೇ ಇಸಿಆರ್ ಪ್ರತಿಯನ್ನು ನಾಲ್ಕು ಕಂಪನಿಗೆ ಕೊಡೋ ಕಂಟ್ರಾಕ್ಟರ್‌ಗಳಿದ್ದಾರೆ. ಚಲನ್ನಿನ ಮೊತ್ತ ದೊಡ್ಡದಾಗಿ ಕಾಣುತ್ತೆ, ನಿಮ್ಮ ಗೇಟಿನೊಳಗೆ ಬಂದ ಜನರ ಹೆಸರು ಅದರಲ್ಲಿ ಇರೋದೇ ಇಲ್ಲ.

ಎಕ್ಸೆಲ್‌ನಲ್ಲಿ ಮೂರು ಹಾಳೆ ಮಾಡಿ. ಒಂದರಲ್ಲಿ ಗೇಟ್ ಹಾಜರಿ, ಎರಡನೆಯದರಲ್ಲಿ ಕಂಟ್ರಾಕ್ಟರ್ ಕೊಟ್ಟ ವೇತನ ಪಟ್ಟಿ, ಮೂರನೆಯದರಲ್ಲಿ ಇಸಿಆರ್. ಹೆಸರಿನ ಮೇಲೆ ಹೊಂದಿಸಬೇಡಿ, ಯುಎಎನ್ (ಪ್ರತಿ ಸದಸ್ಯರ ಪಿಎಫ್ ಸಂಖ್ಯೆ) ಮೇಲೆ ಎಕ್ಸ್‌ಲುಕಪ್ (ಹಾಳೆಗಳನ್ನು ಹೊಂದಿಸೋ ಎಕ್ಸೆಲ್ ಸೂತ್ರ) ಹಾಕಿ. ಹಾಜರಿಯಲ್ಲಿ ಇದ್ದು ಇಸಿಆರ್‌ನಲ್ಲಿ ಇಲ್ಲದವರು ಯಾರು, 26 ದಿನ ದುಡಿದವರಿಗೆ 15 ದಿನದ ವೇತನ ತೋರಿಸಿದ್ದು ಎಲ್ಲಿ, ಎರಡೂ ಹೊರಗೆ ಬರುತ್ತೆ. ಈ ಹೊಂದಾಣಿಕೆ ಮುಗಿಯದೆ ಬಿಲ್ ಪಾಸ್ ಮಾಡಬಾರದು. ನಿಮ್ಮ ಪಾಳಿಯ ಜನರ ಹಾಜರಿ ನಿಮ್ಮ ಕೈಯಲ್ಲೇ ಇದೆ. ನಿಮ್ಮ ಎಚ್‌ಆರ್‌ನವರ ಅನುಮತಿ ತಗೊಂಡು ಈ ತಿಂಗಳಿಂದಲೇ ಅವರಿಗೆ ಈ ಕೆಲಸ ಮಾಡಿಕೊಡಿ. ಬೇಡ ಅನ್ನೋ ಎಚ್‌ಆರ್ ಇರಲಿಕ್ಕಿಲ್ಲ.

ಕೆಂಗೇರಿ ಕಡೆಯವಳು
ಯುಎಎನ್ ಅಂದಾಗ ನೆನಪಾಯ್ತು. ನಮ್ಮ ಕಡೆ ಹೆಸರಿನ ಗೋಳು ದೊಡ್ಡದು. ಆಧಾರ್‌ನಲ್ಲಿ 'ಮಂಜುನಾಥ ಕೆ', ಮಾರ್ಕ್ಸ್ ಕಾರ್ಡ್‌ನಲ್ಲಿ 'ಕೆ. ಮಂಜುನಾಥ್', ಬ್ಯಾಂಕಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರೂ ಸೇರಿರುತ್ತೆ. ಹಣ ತೆಗೆಯೋಕೆ ಹೋದಾಗ ಯಾವುದೂ ಹೊಂದಲ್ಲ.

ಸಂಬಳಪಟ್ಟಿ
ಹೌದು ಮೇಡಂ, ಸೇರುವ ದಿನವೇ ಸರಿಮಾಡಬೇಕಾದ ವಿಷಯ ಅದು. ಪಿಎಫ್‌ಗೆ ಆಧಾರ್‌ನಲ್ಲಿ ಇರುವುದೇ ಪ್ರಮಾಣ. 2025ರ ಆಗಸ್ಟ್‌ನಿಂದ ಹೊಸ ಯುಎಎನ್ ಉಮಂಗ್ ಆ್ಯಪ್‌ನಲ್ಲಿ ಮುಖ ದೃಢೀಕರಣದ ಮೂಲಕ ಆಗೋದರಿಂದ ಹೊಸಬರಲ್ಲಿ ಈ ತೊಂದರೆ ಕಡಿಮೆಯಾಗಿದೆ. ಹಳಬರಿಗೆ ನೌಕರ, ಮಾಲೀಕ ಇಬ್ಬರ ಜಂಟಿ ಘೋಷಣೆ ಹಾಕಿ ತಿದ್ದಿಸಬೇಕು. ಇನ್ನೊಂದು: ಕೆಲಸ ಬಿಟ್ಟವರ ನಿರ್ಗಮನದ ತಾರೀಖು ಪೋರ್ಟಲ್‌ನಲ್ಲಿ ಹಾಕೋದನ್ನು ಮರೆತರೆ ಅವರ ಹಣ ವರ್ಗಾವಣೆ ನಿಲ್ಲುತ್ತೆ. ಅವರು ಹೊಸ ಊರಿಂದ ಫೋನ್ ಮಾಡಿ ಬೇಡಿಕೊಳ್ಳೋ ಸ್ಥಿತಿಗೆ ಯಾರನ್ನೂ ತರಬಾರದು. ಎಚ್‌ಆರ್ ಕೆಲಸದ ಮರ್ಯಾದೆ ಇಂಥದ್ದರಲ್ಲೇ ಇರೋದು.

ನೇಮಕಾತಿ ನೋಡುವವರು
ರೆಸ್ಯೂಮೆ ಬಗ್ಗೆ ಯಾರೂ ಹೇಳಲಿಲ್ಲ. ಸೂಪರ್‌ವೈಸರ್‌ಗಳು ಕಳಿಸೋದರಲ್ಲಿ ಮಷಿನ್ ಹೆಸರು, ಟಾಲರೆನ್ಸ್, ಉತ್ಪಾದನೆಯ ಸಂಖ್ಯೆಯೇ ತುಂಬಿರುತ್ತೆ. ಎಚ್‌ಆರ್ ಹುದ್ದೆಗೆ ಅದನ್ನು ಎರಡು ಸಾಲಿಗೆ ಇಳಿಸಿ. ಮೇಲೆ ಬರಬೇಕಾದ್ದು: ಪಾಳಿಯ 60 ಜನರ ಹಾಜರಿ ಮತ್ತು ಓಟಿ ನಿರ್ವಹಣೆ, ರಜೆ ಮಂಜೂರಾತಿ, ಕೌಶಲ ಪಟ್ಟಿ ತಯಾರಿ, ಹೊಸಬರಿಗೆ ಮೊದಲ ವಾರದ ತರಬೇತಿ, ಕಂಟ್ರಾಕ್ಟ್ ಕಾರ್ಮಿಕರ ಹಾಜರಿ ದೃಢೀಕರಣ, ಅಪಘಾತ ವರದಿ, ಕುಂದುಕೊರತೆಗೆ ಮೊದಲ ಉತ್ತರ. ಇದನ್ನೆಲ್ಲ ನೀವು ಈಗಾಗಲೇ ಮಾಡ್ತಿದ್ದೀರಿ, ಬರೆದಿಲ್ಲ ಅಷ್ಟೇ. "ಜನಸ್ನೇಹಿ, ಕಷ್ಟಪಟ್ಟು ದುಡಿಯುವವನು" ಥರದ ಸಾಲು ತೆಗೆದುಹಾಕಿ.

ಹುದ್ದೆಯ ಹೆಸರು ಹುಡುಕುವಾಗ ನೌಕ್ರಿ ವೆಬ್‌ಸೈಟಿನಲ್ಲಿ ಎಚ್‌ಆರ್ ಮ್ಯಾನೇಜರ್ ಅಂತ ಹಾಕಬೇಡಿ. ಟೈಮ್ ಆಫೀಸ್ (ಹಾಜರಿ ವಿಭಾಗ), ಪೇರೋಲ್ ಎಕ್ಸಿಕ್ಯುಟಿವ್, ಕಂಪ್ಲಯನ್ಸ್ ಎಕ್ಸಿಕ್ಯುಟಿವ್, ಪ್ಲಾಂಟ್ ಎಚ್‌ಆರ್, ಐಆರ್ (ಕಾರ್ಮಿಕ ಸಂಬಂಧ) ಎಕ್ಸಿಕ್ಯುಟಿವ್ ಅಂತ ಬೇರೆಬೇರೆಯಾಗಿ ಹುಡುಕಿ. ಪೀಣ್ಯ, ದಾಬಸ್‌ಪೇಟೆ, ಬಿಡದಿ, ಜಿಗಣಿ, ಬೊಮ್ಮಸಂದ್ರ, ನರಸಾಪುರ ಪ್ರತಿಯೊಂದಕ್ಕೂ ಅಲರ್ಟ್ ಇಟ್ಟುಕೊಳ್ಳಿ. ನೇಮಕಕ್ಕೆ ಮೊದಲು ದುಡ್ಡು ಕೇಳೋ ಏಜೆನ್ಸಿ ಕಡೆ ತಿರುಗಿಯೂ ನೋಡಬೇಡಿ. ಪೇರೋಲ್ ಕೋರ್ಸಿಗೆ ದುಡ್ಡು ಕಟ್ಟೋ ಮುಂಚೆ ಒಂದೇ ಪ್ರಶ್ನೆ ಕೇಳಿ: ಮಾದರಿ ಇಸಿಆರ್ ಫೈಲನ್ನು ನಮ್ಮ ಕೈಯಲ್ಲೇ ಮಾಡಿಸ್ತೀರಾ? ಬರೀ ಸ್ಲೈಡ್ ತೋರಿಸೋರಾದರೆ ಬೇಡ.

ಸಂಬಳ ಇಳಿಯುತ್ತೆ, ಅದಕ್ಕೆ ಮನೆಯವರ ಜೊತೆ ಮೊದಲೇ ಕೂತು ಮಾತಾಡಿ. ಸೂಪರ್‌ವೈಸರ್‌ಗೆ ಬರುವ ಓಟಿ, ಪ್ರೊಡಕ್ಷನ್ ಇನ್‌ಸೆಂಟಿವ್ ಎಚ್‌ಆರ್‌ನಲ್ಲಿ ಇರಲ್ಲ. ಆಫರ್ ಹೋಲಿಸುವಾಗ ವಾರ್ಷಿಕ ಸಿಟಿಸಿ (ಕಂಪನಿಗೆ ಬೀಳೋ ಒಟ್ಟು ಖರ್ಚು) ನೋಡದೆ ತಿಂಗಳಿಗೆ ಕೈಗೆ ಬರೋದನ್ನು ಹೋಲಿಸಿ. ಸಿಟಿಸಿಯೊಳಗೆ ಮಾಲೀಕರ ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿಸಿರ್ತಾರೆ. ಮನೆ ಸಾಲದ ಕಂತು ಇದ್ದರೆ ವರ್ಷದ ಕಂತಿನಷ್ಟು ಪಕ್ಕಕ್ಕಿಟ್ಟು ಹೊರಡೋದು ಕ್ಷೇಮ.

ಕೆಂಗೇರಿ ಕಡೆಯವಳು
ಶಾಲೆ, ಬ್ಯಾಂಕ್ ಕಡೆಯಿಂದ ಬರೋ ಹೆಂಗಸರಿಗೂ ಇದೇ ದಾರಿನಾ?

ನೇಮಕಾತಿ ನೋಡುವವರು
ಬ್ಯಾಂಕಿನವರಿಗೆ ಪೇರೋಲ್ ಸುಲಭವಾಗಿ ಒಗ್ಗುತ್ತೆ. ಶಿಕ್ಷಕಿಯರಿಗೆ ತರಬೇತಿ ವಿಭಾಗ. ಅದರ ಜೊತೆಗೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯನ್ನು ಬುಡದಿಂದ ಓದಿ. 10 ಜನರಿದ್ದರೆ ಆಂತರಿಕ ಸಮಿತಿ ಕಡ್ಡಾಯ, ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿಯೇ ಆಗಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಒಬ್ಬರು ಹೊರಗಿನವರು. ದೂರು ಕೊಡೋಕೆ 3 ತಿಂಗಳ ಅವಧಿ, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಮೈಸೂರು ರಸ್ತೆ, ರಾಮನಗರ, ಮದ್ದೂರು ಕಡೆಯ ಗಾರ್ಮೆಂಟ್ಸ್‌ಗಳಲ್ಲಿ ಹೆಚ್ಚಿನ ಕೆಲಸಗಾರರು ಹೆಂಗಸರು. ಅವರ ಹತ್ತಿರ ಕೂತು ಕನ್ನಡದಲ್ಲಿ ಮಾತು ಕೇಳಿಸಿಕೊಂಡು, ಅದನ್ನೇ ನೆಟ್ಟಗೆ ದಾಖಲೆಗೆ ತರಬಲ್ಲ ಪ್ರಬುದ್ಧ ವಯಸ್ಸಿನ ಮಹಿಳೆಯರು ಬಹಳ ಬೇಕಾಗಿದ್ದಾರೆ.

ಎರಡನೇ ಪಾಳಿ
ಎಲ್ಲರಿಗೂ ಧನ್ಯವಾದ. ಹಾಜರಿ, ಇಸಿಆರ್ ಹೊಂದಾಣಿಕೆಯಿಂದಲೇ ಶುರು ಮಾಡ್ತೀನಿ. ಕಡೆಯದಾಗಿ, ಪೇರೋಲ್ ಹುದ್ದೆಯ ಇಂಟರ್‌ವ್ಯೂನಲ್ಲಿ ನಿಜವಾಗಿ ಏನು ಕೇಳ್ತಾರೆ?

ಸಂಬಳಪಟ್ಟಿ
ಒಂದು ಹಾಳೆ, ಕ್ಯಾಲ್ಕುಲೇಟರ್ ಕೊಟ್ಟು ಇಂಥವು ಕೇಳ್ತಾರೆ. 12ನೇ ತಾರೀಖು ಸೇರಿದವನ ಸಂಬಳ ಲೆಕ್ಕ ಹಾಕಿ: ಭಾಗಿಸೋದು 26ರಿಂದಲೋ 30ರಿಂದಲೋ, ಯಾಕೆ? ಇಎಸ್‌ಐಯಲ್ಲಿರುವ ಹೆಂಗಸು ಹೆರಿಗೆ ರಜೆಗೆ ಹೋದರೆ ಹಣ ಕೊಡೋದು ಕಂಪನಿಯೋ ನಿಗಮವೋ? ನವೆಂಬರ್ 1ರಂದು ಕೆಲಸಕ್ಕೆ ಕರೆಸಿದರೆ ಏನು ಕೊಡಬೇಕು? ಕರ್ನಾಟಕದಲ್ಲಿ ಕಡ್ಡಾಯ ರಜೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಅನ್ನೋದು ಬಾಯಲ್ಲಿರಲಿ. ಬೋನಸ್ ಶೇ 8.33 ಕನಿಷ್ಠ, ಶೇ 20 ಗರಿಷ್ಠ. ವರ್ಷದಲ್ಲಿ ಎಷ್ಟು ದಿನ ದುಡಿದಿದ್ದರೆ ಸಿಗುತ್ತೆ? 30.

ಉತ್ತರ ಗೊತ್ತಿಲ್ಲದ ಕಡೆ ಊಹೆ ಹೇಳಬೇಡಿ. "ನಿಯಮ ನೋಡಿ ಹೇಳ್ತೀನಿ" ಅನ್ನಿ. ಸಂಬಳ ಮಾಡೋರ ಬಾಯಲ್ಲಿ ಆ ಮಾತನ್ನು ಅವರು ಇಷ್ಟಪಡ್ತಾರೆ.

ತಾರಿಹಾಳ
ಅದಕ್ಕ ಸೇರಿಸ್ರಿ: "ಪಾಳಿ ಮುಗಿಯೋ ಹೊತ್ತಿಗೆ ನಲವತ್ತು ಮಂದಿ ಕ್ಯಾಂಟೀನ್ ಊಟ ಚಲೋ ಇಲ್ಲ ಅಂತ ಗೇಟಿನ ಮುಂದ ಕುಂತಾರ, ಮ್ಯಾನೇಜರ್ ಊರಾಗಿಲ್ಲ, ಮೊದಲ ಅರ್ಧ ತಾಸಿನ್ಯಾಗ ಏನು ಮಾಡ್ತೀರಿ?" ಪ್ಲಾಂಟ್ ಎಚ್‌ಆರ್‌ಗೆ ಈ ಪ್ರಶ್ನೆ ಗ್ಯಾರಂಟಿ. ಮೊದಲು ಹೋಗಿ ಆ ಊಟ ತಿಂದು ನೋಡ್ತೀನಿ ಅನ್ರಿ, ಆಮೇಲೆ ಅವರೊಳಗಿಂದ ಮೂರು ಮಂದಿನ್ನ ಕರೆದು ಕೂಡಿಸಿ ಮಾತಾಡ್ತೀನಿ, ಕ್ಯಾಂಟೀನ್ ಕಂಟ್ರಾಕ್ಟರ್‌ನ ಅವರ ಎದುರಿಗೇ ಕರಸ್ತೀನಿ ಅನ್ರಿ. ಯಾರ ಹೆಸರನ್ನೂ ಆ ಹೊತ್ತಿನ್ಯಾಗ ಬರಕೊಳ್ಳಂಗಿಲ್ಲ.